ಹಿಂದಕ್ಕೆ ನಡೆದರೆ ಮುಂದಿನ ನಡಿಗೆ ಸುಧಾರಿಸುವುದೇ?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೆ ಮುಂಜಾನೆ ಆರರ ಹೊತ್ತಿಗೆ ಹೋದವರಿಗೆ ನಡಿಗೆಯ ಎಲ್ಲ ನಮೂನೆಗಳೂ ಕಾಣಸಿಗುತ್ತವೆ. ಕೈ ಬೀಸಿಕೊಂಡು ಬಿರುಸಾಗಿ ಹೋಗುವವರು, ಜೇಬಿನ ಮೊಬೈಲಿನಲ್ಲಿ ಸುಪ್ರಭಾತ ಹಾಕಿಕೊಂಡು ನಿಧಾನಕ್ಕೆ ಹೆಜ್ಜೆ ಇಡುವವರು, ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚಾಗಿರುವ ನಿವೃತ್ತ ಮೇಷ್ಟರ ಗುಂಪು. ಇವರ ನಡುವೆ ಆಗೊಮ್ಮೆ ಈಗೊಮ್ಮೆ ಇನ್ನೊಂದು ಬಗೆಯವರು ಎದುರಾಗುತ್ತಾರೆ. ಎದುರಾಗುತ್ತಾರೆ ಎನ್ನುವುದೂ ತಪ್ಪೇ. ಅವರು ನಮ್ಮ ಕಡೆಗೆ ಬರುವಾಗ ನಮಗೆ ಕಾಣುವುದು ಅವರ ಬೆನ್ನು. ಹಿಂದಕ್ಕೆ ನಡೆಯುವವರು ಅವರು.

ಕಳೆದ ತಿಂಗಳು ಹೀಗೆ ನಡೆಯುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಅವರ ಎದುರು ಎರಡು ಮಾರು ದೂರದಲ್ಲಿ ಅವರ ಮನೆಯವರು ನಡೆದು ಬರುತ್ತಿದ್ದರು, ಗಂಡನಿಗೆ ಕಣ್ಣಾಗಿ. ‘ಎಡಕ್ಕೆ... ಬೇರು ಇದೆ ನೋಡ್ರೀ... ಸೈಕಲ್ ಬಂತು’ ಎಂದು ಹೇಳುತ್ತಾ. ಮಂಡಿ ನೋವಿಗೆ ಯಾರೋ ಹೇಳಿದರಂತೆ, ಎರಡು ತಿಂಗಳಿಂದ ಮಾಡುತ್ತಿದ್ದಾರಂತೆ. ‘ಗುಣ ಇದೆಯಾ ಸಾರ್?’ ಎಂದರೆ, ‘ಮಂಡಿ ವಿಷಯ ಗೊತ್ತಿಲ್ಲಪ್ಪ. ನಡಿಗೆ ನೆಟ್ಟಗಾಗಿದೆ ಅಂತ ಇವಳು ಹೇಳ್ತಾಳೆ’ ಎಂದರು. ಆಕೆ ತಲೆಯಾಡಿಸಿದರು. ಆ ಮಾತೇ ಈ ಲೇಖನಕ್ಕೆ ಕಾರಣ. ಹಿಂದಕ್ಕೆ ನಡೆಯುವ ವ್ಯಾಯಾಮದಿಂದ ನಮ್ಮ ದಿನನಿತ್ಯದ ಮುಂದಿನ ನಡಿಗೆ ನಿಜಕ್ಕೂ ಬದಲಾಗುತ್ತದೆಯೇ, ಇಲ್ಲ ಇದೂ ಬೆಳಗಿನ ನಡಿಗೆದಾರರ ನಡುವೆ ಹಬ್ಬುವ ಇನ್ನೊಂದು ಖಯಾಲಿಯೇ?

ಹಿಂದಕ್ಕೆ ಹೆಜ್ಜೆ ಇಡುವುದನ್ನು ನಮ್ಮ ಭಾಷೆಯೇ ಮೆಚ್ಚಿಲ್ಲ. ಹಿಮ್ಮೆಟ್ಟುವುದು ಸೋಲು, ಬೆನ್ನು ತೋರಿಸುವುದು ಹೇಡಿತನ, ಮುಂದಿಟ್ಟ ಹೆಜ್ಜೆಯನ್ನು ಹಿಂದಿಡುವುದು ಮಾತಿಗೆ ತಪ್ಪಿದಂತೆ. ಹಳ್ಳಿಗಳಲ್ಲಿ ಮೋಹಿನಿ, ದೆವ್ವಗಳ ಕಥೆ ಹೇಳುವವರು ಅವುಗಳನ್ನು ಗುರುತಿಸುವ ಬಗೆಯನ್ನೂ ಹೇಳುತ್ತಾರೆ: ಪಾದ ಹಿಂದುಮುಂದಾಗಿರುತ್ತದೆ, ಮೊದಲು ಕಾಲು ನೋಡು.

ಆದರೆ ಗೌರವದ ಜಾಗದಲ್ಲಿ ಇದೇ ಹೆಜ್ಜೆ ಮರ್ಯಾದೆಯಾಗುತ್ತದೆ. ಚಾಮುಂಡಿ ಬೆಟ್ಟದ ಗುಡಿಯಲ್ಲಿ ದೇವಿಯ ದರ್ಶನ ಮಾಡಿ ಹೊರಡುವ ಹೆಂಗಸರನ್ನು ಗಮನಿಸಿ. ಜನಜಂಗುಳಿ ಎಷ್ಟೇ ಇರಲಿ, ಕೈ ಮುಗಿದುಕೊಂಡೇ ನಾಲ್ಕು ಹೆಜ್ಜೆ ಹಿಂದೆ ಸರಿದು ಆಮೇಲೆ ತಿರುಗುತ್ತಾರೆ. ಅರಸರ ಕಾಲದ ದರ್ಬಾರುಗಳ ರೀತಿಯೂ ಹೀಗೇ ಇತ್ತು. ಇದನ್ನು ಮೀರಿದ್ದರಿಂದ ಎದ್ದ ಗದ್ದಲ ಚರಿತ್ರೆಯಲ್ಲಿ ದಾಖಲಾಗಿದೆ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಚಕ್ರವರ್ತಿಗೆ ದೇಶೀಯ ಅರಸರು ಒಬ್ಬೊಬ್ಬರಾಗಿ ಗೌರವ ಸಲ್ಲಿಸಿದರು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೂ ಅವರಲ್ಲಿ ಒಬ್ಬರು. ಬರೋಡಾದ ಸಯ್ಯಾಜಿರಾವ್ ಗಾಯಕವಾಡರು ಮಾತ್ರ ಒಮ್ಮೆ ತಲೆಬಾಗಿ, ಹಿಂದಕ್ಕೆ ಸರಿಯುವ ಬದಲು ತಿರುಗಿ, ಚಕ್ರವರ್ತಿಗೆ ಬೆನ್ನು ಹಾಕಿ ನಡೆದುಬಿಟ್ಟರು. ಆ ದೃಶ್ಯ ಚಲನಚಿತ್ರದಲ್ಲೂ ಸೆರೆಯಾಗಿತ್ತು. ಬ್ರಿಟಿಷ್ ಪತ್ರಿಕೆಗಳು ಇದನ್ನು ರಾಜದ್ರೋಹಕ್ಕೆ ಸಮ ಮಾಡಿ ಬರೆದವು. ಗಾಯಕವಾಡರು ಸಮಜಾಯಿಷಿ ಪತ್ರ ಬರೆಯಬೇಕಾಯಿತು. ನಾಲ್ಕಾರು ಹೆಜ್ಜೆಯ ದಿಕ್ಕಿಗೆ ಇಷ್ಟು ರಂಪ!

ಗದ್ದೆಯ ಹೆಜ್ಜೆ, ರಾಟೆಯ ಹೆಜ್ಜೆ

ಗುಡಿ, ದರ್ಬಾರುಗಳಲ್ಲಿ ಹಿಂದಕ್ಕೆ ಇಡುವುದು ನಾಲ್ಕೇ ಹೆಜ್ಜೆ. ದಿನವಿಡೀ ಹಿಂದಕ್ಕೆ ನಡೆಯುವವರನ್ನು ಕಾಣಬೇಕಾದರೆ ನಾಟಿಯ ಕಾಲದಲ್ಲಿ ಕೃಷ್ಣರಾಜನಗರದ ಕಡೆಗೋ ಮಂಡ್ಯದ ಕಡೆಗೋ ಹೋಗಬೇಕು. ಒಟ್ಲಿನಿಂದ ಪೈರು ಕಿತ್ತು ತಂದು, ಕೆಸರು ಮಾಡಿದ ಗದ್ದೆಯಲ್ಲಿ ಸಾಲಾಗಿ ನಿಂತು ಬಗ್ಗಿ ನೆಡುತ್ತಾ ಹೆಂಗಸರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಕಾರಣ ಸರಳ. ಮುಂದಕ್ಕೆ ಹೋದರೆ ಈಗ ತಾನೇ ನೆಟ್ಟ ಪೈರನ್ನು ತಾವೇ ತುಳಿಯಬೇಕಾಗುತ್ತದೆ. ಬದುವಿನಿಂದ ಬದುವಿಗೆ ಹೀಗೆ ಸರಿಯುವಾಗ ಯಾರೂ ತಿರುಗಿ ನೋಡುವುದಿಲ್ಲ. ಕೆಸರಿನಲ್ಲಿ ಕಾಲು ಎಲ್ಲಿ ಊರಬೇಕೆಂಬುದನ್ನು ಪಾದವೇ ತಡಕಿ ತಿಳಿದುಕೊಳ್ಳುತ್ತದೆ.

ನಮ್ಮ ಅಜ್ಜಿ ಚಾಮರಾಜ ನಾಲೆಯ ಬಯಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾಟಿ ಹಾಕಿದವಳು. ಈಗ ಮೈಸೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹಿಂದಕ್ಕೆ ನಡೆಯುವ ವ್ಯಾಯಾಮದ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಅವಳು ನಕ್ಕು ಹೇಳಿದ್ದು ಇಷ್ಟು: ‘ಅಯ್ಯೋ ಬುಡು ಮಗ, ನಾವು ಹಿಂದಿಂದಕ್ಕೆ ನಡ್ದಷ್ಟು ನೀವು ಮುಂದ್ಕೂ ನಡ್ದಿಲ್ಲ.’ ಹಾಗೆಂದು ಅದನ್ನು ವ್ಯಾಯಾಮ ಎಂದು ಹೊಗಳುವುದು ಅನ್ಯಾಯ. ಸೊಂಟ ಬಗ್ಗಿಸಿ, ಕೆಸರಿನಿಂದ ಕಾಲು ಕಿತ್ತು ಕಿತ್ತು ಇಡುವ ಆ ಹೆಜ್ಜೆ ಕೂಲಿಯ ಹೆಜ್ಜೆ. ನಾಟಿ ಹಾಕಿದವರಿಗೆ ಉಳಿಯುವುದು ಸೊಂಟ ನೋವು. ಈಗ ಕೆಲವೆಡೆ ನಾಟಿ ಯಂತ್ರಗಳು ಬಂದಿವೆ. ಯಂತ್ರ ಮುಂದಕ್ಕೇ ಹೋಗುತ್ತದೆ.

ಇನ್ನೊಂದು ಕಸುಬು ಹಗ್ಗದ್ದು. ಹಾಸನ, ತುಮಕೂರು ಕಡೆಯ ತೆಂಗಿನ ಸೀಮೆಯಲ್ಲಿ ರಾಟೆಯಲ್ಲಿ ನಾರಿನ ಹುರಿ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಒಬ್ಬರು ರಾಟೆ ತಿರುಗಿಸುತ್ತಿದ್ದರೆ, ಇನ್ನೊಬ್ಬರು ನಾರನ್ನು ಕಂಕುಳಲ್ಲಿಟ್ಟುಕೊಂಡು ಬೆರಳಲ್ಲಿ ಎಳೆ ಬಿಡುತ್ತಾ ಹಿಂದಕ್ಕೆ ನಡೆಯುತ್ತಾರೆ. ಹುರಿ ಉದ್ದವಾದಷ್ಟೂ ಹೆಜ್ಜೆ. ಯೂರೋಪಿನಲ್ಲೂ ಹಡಗಿನ ಹಗ್ಗ ತಯಾರಾಗುತ್ತಿದ್ದುದು ಹೀಗೆಯೇ. ಸೆಣಬನ್ನು ಸೊಂಟಕ್ಕೆ ಸುತ್ತಿಕೊಂಡ ಕೆಲಸಗಾರ ಹಿಂದಕ್ಕೆ ನಡೆಯುತ್ತಾ ಎಳೆ ಹೊಸೆಯುತ್ತಿದ್ದ. ಅದಕ್ಕಾಗಿಯೇ ಅಲ್ಲಿಯ ಹಗ್ಗದ ಕಾರ್ಖಾನೆಗಳು ವಿಪರೀತ ಉದ್ದ. ಇಂಗ್ಲೆಂಡಿನ ಚಾಥಮ್ ನೌಕಾನೆಲೆಯ ಹಗ್ಗದ ಮನೆ 1,100 ಅಡಿಗೂ ಹೆಚ್ಚು ಉದ್ದವಿದೆ.

ಶೋಕಿಗಾಗಿ ಹಿಂದಕ್ಕೆ ನಡೆದವರೂ ಇದ್ದಾರೆ. ಅಮೆರಿಕದ ಟೆಕ್ಸಸ್‌ನ ಪ್ಲೆನಿ ವಿಂಗೋ ಎಂಬಾತ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ ಹೊರಟು, ಹಿಂದಿನದನ್ನು ತೋರಿಸುವ ಸಣ್ಣ ಕನ್ನಡಿಗಳಿದ್ದ ಕನ್ನಡಕ ಹಾಕಿಕೊಂಡು, ಸುಮಾರು 8,000 ಮೈಲಿ ಹಿಮ್ಮುಖವಾಗಿ ನಡೆದು 1932ರ ಅಕ್ಟೋಬರಿನಲ್ಲಿ ತುರ್ಕಿಯ ಇಸ್ತಾಂಬುಲ್ ತಲುಪಿದ. ನಡುವಿನ ಸಮುದ್ರವನ್ನು ಹಡಗಿನಲ್ಲಿ ದಾಟಿದ ಎಂದು ಬೇರೆ ಹೇಳಬೇಕಿಲ್ಲ. ಕೆಲಸವಿಲ್ಲದ ಕಾಲದಲ್ಲಿ ಹೆಸರು, ಹಣ ಎರಡೂ ಸಿಗಬಹುದೆಂದು ಮಾಡಿದ ಸಾಹಸ ಅದು. ಹೆಸರಂತೂ ಬಂತು.

ಸಿನಿಮಾ ರೀಲು ಹಿಂದಕ್ಕೆ ಓಡಿಸಿದಂತೆಯೇ?

ಮುಂದಕ್ಕೆ ನಡೆಯುವಾಗ ಕಾಲು ಏನು ಮಾಡುತ್ತದೆ ಎಂಬುದನ್ನು ನಾವು ಯಾರೂ ಯೋಚಿಸುವುದಿಲ್ಲ. ಯೋಚಿಸಿದರೆ ಎಡವುತ್ತೇವೆ. ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಮೈಯ ಭಾರ ಹಿಮ್ಮಡಿಯಿಂದ ಅಂಗಾಲಿನ ಹೊರ ಅಂಚಿನ ಮೇಲೆ ಜಾರಿ ಹೆಬ್ಬೆರಳಿನ ಬುಡಕ್ಕೆ ಬರುತ್ತದೆ. ಆಗ ಮೀನಖಂಡದ ಸ್ನಾಯುಗಳು ಹಿಗ್ಗಾಮುಗ್ಗಾ ದುಡಿದು ಪಾದವನ್ನು ನೆಲದಿಂದ ಒದ್ದು ಮೇಲೆತ್ತುತ್ತವೆ. ಒಂದು ಪೂರ್ಣ ಹೆಜ್ಜೆಯ ಸುತ್ತಿನಲ್ಲಿ ಪ್ರತಿ ಕಾಲೂ ಸುಮಾರು ಶೇ 60 ಭಾಗ ನೆಲದ ಮೇಲೆ, ಉಳಿದ ಶೇ 40 ಭಾಗ ಗಾಳಿಯಲ್ಲಿ ಇರುತ್ತದೆ.

ಹಿಂದಕ್ಕೆ ನಡೆಯುವಾಗ ಇದೆಲ್ಲ ತಿರುವುಮುರುವು. ಮೊದಲು ನೆಲ ಮುಟ್ಟುವುದು ಬೆರಳುಗಳು, ಕೊನೆಗೆ ನೆಲ ಬಿಡುವುದು ಹಿಮ್ಮಡಿ. ಹಾಗಾದರೆ ಹಿಮ್ಮುಖ ನಡಿಗೆ ಎಂದರೆ ಮುಮ್ಮುಖ ನಡಿಗೆಯ ಸಿನಿಮಾ ರೀಲನ್ನು ಹಿಂದಕ್ಕೆ ಓಡಿಸಿದಂತೆಯೇ? ಇದೇ ಪ್ರಶ್ನೆಯನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಡೇವಿಡ್ ವಿಂಟರ್ ಮತ್ತು ಸಂಗಡಿಗರು 1989ರಲ್ಲಿ ಕೇಳಿಕೊಂಡರು. ನಡಿಗೆಯ ಯಂತ್ರಶಾಸ್ತ್ರದಲ್ಲಿ ವಿಂಟರ್ ದೊಡ್ಡ ಹೆಸರು. ಸೊಂಟ, ಮಂಡಿ, ಹರಡುಗಳು ಎಷ್ಟು ಬಾಗುತ್ತವೆ ಎಂದು ಅಳೆದು, ಹಿಮ್ಮುಖ ನಡಿಗೆಯ ನಕ್ಷೆಯನ್ನು ತಿರುಗಿಸಿ ಮುಮ್ಮುಖ ನಡಿಗೆಯ ನಕ್ಷೆಯ ಮೇಲಿಟ್ಟಾಗ ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಹೊರಗಿನಿಂದ ನೋಡುವವನಿಗೆ ಅದು ರೀಲು ಹಿಂದಕ್ಕೆ ಓಡಿದಂತೆಯೇ ಸರಿ.

ಒಳಗಿನ ಕಥೆ ಬೇರೆ. ಮುಂದಕ್ಕೆ ನಡೆಯುವಾಗ ಮೈಯನ್ನು ತಳ್ಳುವ ಮುಖ್ಯ ಶಕ್ತಿ ಹರಡು ಮತ್ತು ಮೀನಖಂಡದ್ದು. ಹಿಂದಕ್ಕೆ ನಡೆಯುವಾಗ ಪಾದ ಹಾಗೆ ಒದೆಯಲಾರದು. ಪಾದದ ಉದ್ದವೆಲ್ಲ ಇರುವುದು ಮುಂದಕ್ಕೆ, ಹಿಂದಕ್ಕಲ್ಲ. ಆದ್ದರಿಂದ ಕೆಲಸದ ಹೆಚ್ಚಿನ ಪಾಲು ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳ ಮೇಲೆ, ಅಂದರೆ ಮಂಡಿಯನ್ನು ನೆಟ್ಟಗೆ ಮಾಡುವ ಸ್ನಾಯುಗಳ ಮೇಲೆ ಬೀಳುತ್ತದೆ. ಇಟಲಿಯ ರೋಮ್‌ನಲ್ಲಿ ಗ್ರಾಸೊ, ಬಿಯಾಂಕಿ ಮತ್ತು ಲಕಾನಿಟಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಕಾಲಿನ ಆಕೃತಿ ಎರಡೂ ದಿಕ್ಕಿಗೆ ಒಂದೇ ಬಗೆ, ಅದನ್ನು ಸಾಧಿಸುವ ಸ್ನಾಯುಗಳ ದುಡಿಮೆ ಮಾತ್ರ ಬೇರೆ ಬೇರೆ. ಒಂದೇ ಹಾಡನ್ನು ಬೇರೆ ಪಕ್ಕವಾದ್ಯಗಳು ನುಡಿಸಿದಂತೆ.

ಇಷ್ಟೊಂದು ಬೇರೆಯಾದ ಕೆಲಸ ದೇಹಕ್ಕೆ ದುಬಾರಿ. ಬೇರೆ ಬೇರೆ ದೈಹಿಕ ಚಟುವಟಿಕೆಗಳಿಗೆ ಎಷ್ಟು ಶಕ್ತಿ ಬೇಕೆಂದು ತಜ್ಞರು ಸಿದ್ಧಪಡಿಸಿದ ಪಟ್ಟಿಯೊಂದಿದೆ. ಸುಮ್ಮನೆ ಕುಳಿತಿರುವಾಗಿನ ಖರ್ಚನ್ನು ಒಂದು ಎಂದು ಇಟ್ಟುಕೊಂಡರೆ, ಗಂಟೆಗೆ 3.5 ಮೈಲಿ ವೇಗದಲ್ಲಿ ಸಮತಟ್ಟು ನೆಲದ ಮೇಲೆ ಮುಂದಕ್ಕೆ ನಡೆಯುವುದಕ್ಕೆ 4.3 ಪಟ್ಟು, ಅದೇ ವೇಗದಲ್ಲಿ ಹಿಂದಕ್ಕೆ ನಡೆಯುವುದಕ್ಕೆ 6 ಪಟ್ಟು ಎನ್ನುತ್ತದೆ 2011ರ ಆ ಪಟ್ಟಿ. ಕುಕ್ಕರಹಳ್ಳಿಯ ಹಿರಿಯರು ಹತ್ತು ನಿಮಿಷಕ್ಕೇ ಬೆವರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಭ್ಯಾಸವಾಗುತ್ತಾ ಹೋದಂತೆ ಈ ಖರ್ಚು ಕಡಿಮೆಯಾಗುತ್ತದೆ. ಬೊಜ್ಜು ಕರಗಿಸಲೆಂದು ಹಿಂದಕ್ಕೆ ನಡೆಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮಂಡಿಗೆ ಲಾಭ ಎಲ್ಲಿಂದ?

ಚಾಮುಂಡಿ ಬೆಟ್ಟಕ್ಕೆ ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದವರಿಗೆ ಒಂದು ಸತ್ಯ ತಿಳಿದಿರುತ್ತದೆ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ಇಳಿಯುವಾಗ ಮಂಡಿ ಅಳುತ್ತದೆ. ಇಳಿಯುವಾಗ ಬಾಗಿದ ಮಂಡಿಯ ಮೇಲೆ ಪೂರ್ತಿ ಭಾರ ಬಿದ್ದು, ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ನಂದಿಯಿಂದ ಕೆಳಗೆ ಕೆಲವರು ಅಡ್ಡಡ್ಡ ಇಳಿಯುವುದು, ಒಬ್ಬಿಬ್ಬರು ಕಂಬಿ ಹಿಡಿದು ಹಿಮ್ಮುಖವಾಗಿಯೇ ಇಳಿಯುವುದು ಇದೇ ಕಾರಣಕ್ಕೆ. ಯಾವ ವೈದ್ಯರೂ ಹೇಳಿಕೊಟ್ಟದ್ದಲ್ಲ, ನೋವೇ ಕಲಿಸಿದ ಉಪಾಯ.

ಹಿಂದಕ್ಕೆ ಓಡುವಾಗ ಮಂಡಿಚಿಪ್ಪಿನ ಮೇಲಿನ ಒತ್ತಡ ಮುಂದಕ್ಕೆ ಓಡುವಾಗಿಗಿಂತ ಕಡಿಮೆ ಎಂದು 1990ರ ದಶಕದಿಂದ ನಡೆದ ಅಳತೆಗಳು ತೋರಿಸಿವೆ. ಒತ್ತಡ ಕಡಿಮೆ, ತೊಡೆಯ ಸ್ನಾಯುಗಳಿಗೆ ಕೆಲಸ ಹೆಚ್ಚು. ಮಂಡಿ ಸವೆದವರಿಗೆ ಬೇಕಾಗಿರುವುದೂ ಇದೇ ಜೋಡಿ. ನೋವಿಗೆ ಹೆದರಿ ಕಾಲು ಬಳಸದಿದ್ದರೆ ತೊಡೆ ಸೊರಗುತ್ತದೆ, ತೊಡೆ ಸೊರಗಿದರೆ ಮಂಡಿಯ ನೋವು ಹೆಚ್ಚುತ್ತದೆ ಎಂಬ ಸುಳಿಯಿಂದ ಅವರು ಹೊರಬರಬೇಕು.

ಸೌದಿ ಅರೇಬಿಯಾದಲ್ಲಿ ಮಂಡಿ ಸವೆತದ 68 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪರೀಕ್ಷಿಸಿತು. ಒಂದು ಗುಂಪು ವಾರಕ್ಕೆ ಮೂರು ದಿನ, ಆರು ವಾರ ಹಿಂದಕ್ಕೆ ನಡೆಯಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಮುಂದಕ್ಕೆ ನಡೆಯಿತು. ಮೂರನೆಯದು ಮಾಮೂಲು ಚಿಕಿತ್ಸೆ ಮಾತ್ರ ಪಡೆಯಿತು. ಹಿಂದಕ್ಕೆ ನಡೆದವರಲ್ಲಿ ನೋವು ಹೆಚ್ಚು ಇಳಿದಿತ್ತು, ತೊಡೆಯ ಬಲ ಹೆಚ್ಚಿತ್ತು, ದಿನನಿತ್ಯದ ಓಡಾಟ ಸುಲಭವಾಗಿತ್ತು. ಆರು ವಾರದ ಫಲ ಆರು ತಿಂಗಳು ಉಳಿಯುತ್ತದೆ ಎಂದು ಇದರಿಂದ ಹೇಳಲಾಗದು. ಆದರೂ ಕುಕ್ಕರಹಳ್ಳಿಯ ದಂಪತಿಗಳ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಲಕ್ವ ಹೊಡೆದವರ ಹೆಜ್ಜೆ

ಹಿಮ್ಮುಖ ನಡಿಗೆ ಮುಮ್ಮುಖ ನಡಿಗೆಯನ್ನು ಬದಲಿಸುವ ಸಾಧ್ಯತೆ ಬಹುಶಃ ಎಲ್ಲಕ್ಕಿಂತ ಹೆಚ್ಚು ಮುಖ್ಯವಾಗುವುದು ಪಾರ್ಶ್ವವಾಯು ಪೀಡಿತರಿಗೆ. ಲಕ್ವ ಹೊಡೆದವರು ಮತ್ತೆ ನಡೆಯತೊಡಗಿದಾಗ ಅವರ ಕಾಲು ಮರದ ಕೊರಡಿನಂತೆ ಒಂದೇ ತುಂಡಾಗಿ ಚಲಿಸುತ್ತದೆ. ಸೊಂಟವನ್ನು ಹಿಂದಕ್ಕೆ ಚಾಚಿದರೆ ಮಂಡಿಯೂ ತಾನಾಗಿ ಸೆಟೆದುಕೊಳ್ಳುತ್ತದೆ, ಸೊಂಟ ಮಡಚಿದರೆ ಮಂಡಿಯೂ ಮಡಚುತ್ತದೆ. ಬಿಡಿಬಿಡಿಯಾಗಿ ಆಡಿಸುವ ಶಕ್ತಿ ಹೋಗಿರುತ್ತದೆ. ಆದ್ದರಿಂದಲೇ ಅವರು ಕಾಲನ್ನು ಪಕ್ಕದಿಂದ ಅರ್ಧಚಂದ್ರಾಕಾರದಲ್ಲಿ ಸುತ್ತಿಸಿ ತಂದು ಇಡುವುದು.

ಹಿಂದಕ್ಕೆ ಒಂದು ಹೆಜ್ಜೆ ಇಡಬೇಕಾದರೆ ಸೊಂಟವನ್ನು ಹಿಂದಕ್ಕೆ ಚಾಚುತ್ತಲೇ ಮಂಡಿಯನ್ನು ಮಡಚಬೇಕು. ಅಂದರೆ ಆ ಕೊರಡನ್ನು ಮುರಿಯಲೇಬೇಕು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನಲ್ಲಿ ಬರ್ಟಾ ಬೊಬಾತ್ ರೂಪಿಸಿದ ಚಿಕಿತ್ಸಾಕ್ರಮವನ್ನು ಅನುಸರಿಸಿದ ಫಿಜಿಯೋಥೆರಪಿ ತಜ್ಞರು ಈ ಕಾರಣಕ್ಕಾಗಿಯೇ ರೋಗಿಗಳಿಂದ ಹಿಮ್ಮುಖ ಹೆಜ್ಜೆ ಇಡಿಸುತ್ತಾ ಬಂದಿದ್ದಾರೆ. ಅದು ಫಲ ಕೊಡುತ್ತದೆಯೇ ಎಂದು ಕ್ರಮಬದ್ಧವಾಗಿ ಪರೀಕ್ಷಿಸಿದವರು ತೈವಾನಿನವರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 25 ರೋಗಿಗಳಿದ್ದರು. ಎಲ್ಲರಿಗೂ ವಾರಕ್ಕೆ ಮೂರು ಸಲ, ಮೂರು ವಾರ, 40 ನಿಮಿಷಗಳ ಮಾಮೂಲು ತರಬೇತಿ. ಅರ್ಧದಷ್ಟು ಮಂದಿಗೆ ಅದರ ಮೇಲೆ 30 ನಿಮಿಷ ಹಿಮ್ಮುಖ ನಡಿಗೆ. ಕೊನೆಯಲ್ಲಿ ಹಿಂದಕ್ಕೆ ನಡೆದವರ ಮುಂದಿನ ನಡಿಗೆಯ ವೇಗ ಹೆಚ್ಚಿತ್ತು, ಹೆಜ್ಜೆ ಉದ್ದವಾಗಿತ್ತು, ಎಡಬಲ ಕಾಲುಗಳ ಹೊಂದಾಣಿಕೆ ಉತ್ತಮವಾಗಿತ್ತು.

ಇಲ್ಲಿ ಒಂದು ಕೊಂಕು ತೆಗೆಯಬೇಕು. ಹಿಂದಕ್ಕೆ ನಡೆದವರು ಒಟ್ಟಾರೆ ಹೆಚ್ಚು ಹೊತ್ತು ತರಬೇತಿ ಪಡೆದವರೂ ಹೌದು. ಆ ಹೆಚ್ಚಿನ ಅರ್ಧ ಗಂಟೆ ಮುಂದಕ್ಕೆ ನಡೆಸಿದ್ದರೂ ಇಷ್ಟೇ ಗುಣ ಕಾಣುತ್ತಿತ್ತೋ ಏನೋ. 25 ಮಂದಿಯ ಲೆಕ್ಕವನ್ನು ಊರಿಗೆಲ್ಲ ಅನ್ವಯಿಸುವ ಮುನ್ನ ನಿಧಾನಿಸುವುದು ಲೇಸು.

ಒಂದು ದಿಕ್ಕಿನ ಪಾಠ ಇನ್ನೊಂದಕ್ಕೆ ದಾಟದು

ನಡಿಗೆಯ ತಾಳವನ್ನು ಹಾಕುವುದು ಮಿದುಳೊಂದೇ ಅಲ್ಲ. ಮಿದುಳುಬಳ್ಳಿಯೊಳಗಿನ ನರಜಾಲಗಳೂ ಇದರಲ್ಲಿ ಪಾಲುದಾರರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಇನ್ನೂ ನಡೆಯಲು ಕಲಿಯದ ಕೂಸುಗಳನ್ನು ಚಲಿಸುವ ಪಟ್ಟಿಯ ಮೇಲೆ ಎತ್ತಿ ಹಿಡಿದು ನೋಡಿದರು. ಪಟ್ಟಿ ಹಿಂದಕ್ಕೆ ಓಡಿದಾಗ ಕೂಸು ಮುಂದಕ್ಕೆ ಹೆಜ್ಜೆ ಹಾಕಿತು, ಮುಂದಕ್ಕೆ ಓಡಿದಾಗ ಹಿಂದಕ್ಕೆ, ಅಡ್ಡಕ್ಕೆ ಓಡಿದಾಗ ಅಡ್ಡಕ್ಕೆ. 2000ನೇ ಇಸವಿಯಲ್ಲಿ ಪ್ರಕಟವಾದ ಈ ಪ್ರಯೋಗ, ಎಲ್ಲ ದಿಕ್ಕಿನ ಹೆಜ್ಜೆಗೂ ಹುಟ್ಟಿನಿಂದಲೇ ಬಂದ ಒಂದೇ ನರವ್ಯವಸ್ಥೆ ಇರಬಹುದೆಂಬ ಊಹೆಗೆ ಬಲ ಕೊಟ್ಟಿತು.

ಅದಾದ ಏಳು ವರ್ಷಕ್ಕೆ ಅಮೆರಿಕದ ಬಾಲ್ಟಿಮೋರ್‌ನಿಂದ ಬಂದ ಫಲಿತಾಂಶ ಬೇರೆಯೇ ಮಾತು ಹೇಳಿತು. ಜೂಲಿಯಾ ಚಾಯ್ ಮತ್ತು ಆಮಿ ಬಾಸ್ಟಿಯನ್ ಎಂಬ ಸಂಶೋಧಕಿಯರು ದೊಡ್ಡವರನ್ನು ಎರಡು ಪಟ್ಟಿಗಳ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಎಡಗಾಲಿನ ಪಟ್ಟಿಗೆ ಒಂದು ವೇಗ, ಬಲಗಾಲಿನ ಪಟ್ಟಿಗೆ ಇನ್ನೊಂದು ವೇಗ. ಮೊದಲು ಕುಂಟಿದವರು ಹದಿನೈದು ನಿಮಿಷದಷ್ಟರಲ್ಲಿ ಹೊಂದಿಕೊಂಡರು. ಆಮೇಲೆ ಎರಡೂ ಪಟ್ಟಿಗಳನ್ನು ಒಂದೇ ವೇಗಕ್ಕೆ ತಂದಾಗ ಕಲಿತ ಚಾಳಿ ಬಿಡದೆ ಸ್ವಲ್ಪ ಹೊತ್ತು ಕುಂಟಿದರು. ಸ್ವಾರಸ್ಯವಿರುವುದು ಮುಂದೆ. ಮುಂದಕ್ಕೆ ನಡೆಯುವಾಗ ಕಲಿತ ಈ ಕುಂಟು ಹಿಂದಕ್ಕೆ ನಡೆದಾಗ ಕಾಣಿಸಲೇ ಇಲ್ಲ. ಹಿಂದಕ್ಕೆ ಕಲಿತದ್ದು ಮುಂದಕ್ಕೆ ದಾಟಲೂ ಇಲ್ಲ. ಎರಡು ದಿಕ್ಕಿಗೆ ಎರಡು ಬೇರೆ ಖಾತೆ, ಒಂದರ ಜಮೆ ಇನ್ನೊಂದಕ್ಕೆ ವರ್ಗವಾಗುವುದಿಲ್ಲ ಎಂಬಂತೆ.

ಹಾಗಿದ್ದರೆ ತೈವಾನಿನ ರೋಗಿಗಳ ನಡಿಗೆ ಸುಧಾರಿಸಿದ್ದು ಹೇಗೆ? ನನಗೆ ತೋಚುವ ಉತ್ತರ ಇದು. ಹೆಜ್ಜೆಯ ಲಯ, ಸಮಯಗಳ ಪಾಠ ದಾಟದಿರಬಹುದು. ಆದರೆ ತೊಡೆಯ ಬಲ, ಸೊಂಟದ ಸಡಿಲಿಕೆ, ಒಂಟಿಕಾಲ ಮೇಲೆ ನಿಲ್ಲುವ ಧೈರ್ಯ ಇವು ಯಾವ ದಿಕ್ಕಿಗೂ ಸೇರಿದವಲ್ಲ. ಯಾವ ಕಡೆಗೆ ನಡೆದು ಗಳಿಸಿದರೂ ಅವು ಇಡೀ ಮೈಯ ಆಸ್ತಿ. ಆದ್ದರಿಂದಲೇ ಬಲ ಕುಂದಿದವರಿಗೆ, ವಾಲುವವರಿಗೆ ಇದರಿಂದ ಸಿಗುವ ಲಾಭ, ಆಗಲೇ ಚೆನ್ನಾಗಿ ನಡೆಯುವ ಇಪ್ಪತ್ತೈದರ ತರುಣರಿಗೆ ಅಷ್ಟಾಗಿ ಸಿಗಲಿಕ್ಕಿಲ್ಲ. ನಾನೂ ಎರಡು ವಾರ ಓವಲ್ ಮೈದಾನದಲ್ಲಿ ಹಿಂದಕ್ಕೆ ನಡೆದು ನೋಡಿದೆ. ನನ್ನ ನಡಿಗೆಯಲ್ಲಿ ಏನೂ ಬದಲಾಗಲಿಲ್ಲ. ಮೂರನೇ ದಿನ ತೊಡೆ ಮಾತ್ರ ಚೆನ್ನಾಗಿ ನೋಯಿತು. ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಪುಕ್ಕಟೆ ಮನರಂಜನೆ ಸಿಕ್ಕಿತು.

ಮೂರು ಮೀಟರು

ದಿನದಲ್ಲಿ ನಾವು ಎಷ್ಟು ಸಲ ಹಿಂದಕ್ಕೆ ಹೆಜ್ಜೆ ಇಡುತ್ತೇವೆ ಎಂದು ಲೆಕ್ಕ ಹಾಕಿ. ನಮ್ಮ ಕಡೆಗೇ ತೆರೆದುಕೊಳ್ಳುವ ಬಾಗಿಲು ಎಳೆಯುವಾಗ, ಕುರ್ಚಿಗೆ ಕೂರುವ ಮುನ್ನ, ಬೀರು ತೆಗೆಯುವಾಗ, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಮೈಮೇಲೇ ಬಂದಂತೆ ಬಂದಾಗ. ಕಣ್ಣಿಗೆ ಕೆಲಸವಿಲ್ಲದ ಈ ಹೆಜ್ಜೆಗಳನ್ನು ಕಾಯುವುದು ಪಾದದ ಅರಿವು, ಒಳಕಿವಿಯ ಸಮತೋಲ. ವಯಸ್ಸಾದಂತೆ ಇವೆರಡೂ ಮಂಕಾಗುತ್ತವೆ. ಮುಂದಕ್ಕೆ ಚೆನ್ನಾಗಿಯೇ ನಡೆಯುವ ಹಿರಿಯರು ಹಿಂದಕ್ಕೆ ನಡೆಯುವಾಗ ತಡವರಿಸುತ್ತಾರೆ. ಪಾರ್ಕಿನ್ಸನ್ ಕಾಯಿಲೆ ಇರುವವರ ಹೆಜ್ಜೆ ಹಿಂದಕ್ಕೆ ನಡೆಯುವಾಗ ಇನ್ನಷ್ಟು ಗಿಡ್ಡವಾಗುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 2009ರಲ್ಲೇ ತೋರಿಸಿದ್ದಾರೆ.

ಇದನ್ನೇ ಪರೀಕ್ಷೆಯಾಗಿ ಬಳಸುವ ಒಂದು ಸುಲಭ ಕ್ರಮವನ್ನು 2019ರಲ್ಲಿ ಅಮೆರಿಕದ ತಂಡವೊಂದು ಪ್ರಕಟಿಸಿತು. ನೆಲದ ಮೇಲೆ ಮೂರು ಮೀಟರು ಗುರುತು ಮಾಡಿ, ಬೀಳದಂತೆ, ಆದಷ್ಟು ಬೇಗ ಹಿಂದಕ್ಕೆ ನಡೆಯಲು ಹೇಳಿ ಗಡಿಯಾರ ನೋಡುವುದು. ಮೂರು ಸೆಕೆಂಡಿಗಿಂತ ಬೇಗ ಮುಗಿಸಿದ ಹಿರಿಯರಲ್ಲಿ ಹಿಂದಿನ ಒಂದು ವರ್ಷದಲ್ಲಿ ಬಿದ್ದವರು ವಿರಳ. ನಾಲ್ಕೂವರೆ ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಬಿದ್ದವರೇ ಹೆಚ್ಚು. ಯಂತ್ರ ಬೇಡ, ಪ್ರಯೋಗಶಾಲೆ ಬೇಡ, ಒಂದು ಹಜಾರ ಸಾಕು. ಹಾಗೆಂದು ಮನೆಯಲ್ಲಿ ಯಾರೂ ಒಬ್ಬೊಬ್ಬರೇ ಮಾಡಲು ಹೋಗಬಾರದು. ಬೀಳುವ ಅಪಾಯ ಇದೆಯೇ ಎಂದು ತಿಳಿಯಲು ಹೋಗಿ ಬಿದ್ದರೆ ಅದಕ್ಕಿಂತ ಪೇಚಾಟ ಬೇರೆ ಇಲ್ಲ.

ವ್ಯಾಯಾಮವಾಗಿ ಹಿಂದಕ್ಕೆ ನಡೆಯುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕುಕ್ಕರಹಳ್ಳಿಯ ದಾರಿಯಲ್ಲಿ ಮರದ ಬೇರುಗಳಿವೆ, ಮಳೆಗಾಲದಲ್ಲಿ ಜಾರುತ್ತದೆ. ಡಾಂಬರು ರಸ್ತೆಯಂತೂ ಸಲ್ಲದು. ಗಿಡಗಂಟಿ ಇಲ್ಲದ ಸಮತಟ್ಟು ಮೈದಾನ, ಎದುರಿಗೆ ದಾರಿ ಹೇಳುವ ಒಬ್ಬರು, ಮೊದಲ ವಾರ ಐದು ನಿಮಿಷ, ಅದೂ ನಿಧಾನಕ್ಕೆ. ಟ್ರೆಡ್‌ಮಿಲ್ ಆದರೆ ಕಂಬಿ ಹಿಡಿದುಕೊಂಡು ತೀರಾ ಕಡಿಮೆ ವೇಗದಲ್ಲಿ. ತಲೆಸುತ್ತು ಇರುವವರು, ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಈಗಾಗಲೇ ಒಮ್ಮೆ ಬಿದ್ದವರು ಫಿಜಿಯೋಥೆರಪಿ ತಜ್ಞರ ಎದುರಿನಲ್ಲಿ ಹೊರತು ಇದಕ್ಕೆ ಕೈ ಹಾಕಬಾರದು. ಲಾಭ ಹೆಚ್ಚು ಸಿಗಬೇಕಾದವರೇ ಹೆಚ್ಚು ಅಪಾಯದಲ್ಲೂ ಇರುವುದು ಈ ವ್ಯಾಯಾಮದ ತೊಡಕು.

ನಮ್ಮ ಅಜ್ಜಿ ಈಗಾಗಲೇ ಒಮ್ಮೆ ಬಿದ್ದವಳು. ಹೋದ ವರ್ಷ ಅಡುಗೆಮನೆಯಲ್ಲಿ ಹಾಲು ಉಕ್ಕಿತೆಂದು ಗಾಬರಿಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂವತ್ತು ವರ್ಷ ಕೆಸರಿನಲ್ಲಿ ತಿರುಗಿ ನೋಡದೆ ಹಿಂದೆ ಸರಿದ ಕಾಲು ನಾಲ್ಕಡಿಯ ಅಡುಗೆಮನೆಯಲ್ಲಿ ತಪ್ಪಿತು. ಪಟ್ಟು ಬಿಚ್ಚಿದ ಮೇಲೆ ಅವಳು ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತಿದ್ದಳು. ಆಗಿನಿಂದ ಅವಳ ಮುಂದಿನ ನಡಿಗೆಯೇ ಬದಲಾಗಿದೆ. ಹೆಜ್ಜೆ ಗಿಡ್ಡ, ಕಣ್ಣು ಸದಾ ನೆಲದ ಮೇಲೆ.

ಈ ಲೇಖನ ಬರೆಯುವ ಮುನ್ನ ನಮ್ಮ ಪರಿಚಯದ ಫಿಜಿಯೋಥೆರಪಿ ತಜ್ಞೆಯೊಬ್ಬರು ಮನೆಗೆ ಬಂದು, ಹಜಾರದಲ್ಲಿ ಸೀಮೆಸುಣ್ಣದಿಂದ ಮೂರು ಮೀಟರು ಗೆರೆ ಎಳೆದರು. ಅವರು ಒಂದು ಪಕ್ಕ, ಅಮ್ಮ ಇನ್ನೊಂದು ಪಕ್ಕ. ಗಡಿಯಾರ ನನ್ನ ಕೈಯಲ್ಲಿ. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡಳು, ಗದ್ದೆಗೆ ಇಳಿಯುವವಳ ಹಾಗೆ. ಒಂಬತ್ತು ಸೆಕೆಂಡು ಹಿಡಿಯಿತು. ದಿನಕ್ಕೆ ಹತ್ತು ಹೆಜ್ಜೆ, ಅಡುಗೆಮನೆಯ ಕಟ್ಟೆ ಹಿಡಿದುಕೊಂಡು, ಯಾರಾದರೂ ಜೊತೆಗಿದ್ದಾಗ ಮಾತ್ರ ಎಂದು ಆಕೆ ಹೇಳಿ ಹೋದರು. ಇವತ್ತಿಗೆ ಇಪ್ಪತ್ತೆರಡು ದಿನ. ಮೊನ್ನೆ ಮತ್ತೆ ಗೆರೆಯ ಮೇಲೆ ನಡೆಸಿ ನೋಡಿದಾಗ ಏಳು ಸೆಕೆಂಡು ಆಗಿತ್ತು. ‘ನೆಲ ಗಟ್ಟಿ ಐತೆ ಕಣ್ ಮಗ, ಕೆಸರಾಗಿದ್ರೆ ಇನ್ನೂ ಬಿರ್ನೆ ಹೋಯ್ತಿದ್ದೆ’ ಎಂದಳು.